ಮಧ್ಯವರ್ತಿಯ ಮಾತು, ವರ್ತಕನ ಬದುಕು

ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ದಾರಿ ತೋರುವವನು ವಾಣಿಜ್ಯದ ಇತಿಹಾಸದುದ್ದಕ್ಕೂ ಕಂಡುಬರುತ್ತಾನೆ. ದನದ ಸಂತೆಯ ದಲ್ಲಾಳಿ, ಮಂಡಿಯ ಕಮಿಷನ್ ಏಜೆಂಟ್, ಊರಿಗೆ ಹೊಸದಾಗಿ ಬಂದವನಿಗೆ ಅಂಗಡಿ ತೋರಿಸುವ ಗಾಡಿಯವನು, ಇವರ ರೂಪಗಳು ಬೇರೆಯಾದರೂ ಅಧಿಕಾರ ಒಂದೇ. ‘ಅಲ್ಲಿಗೆ ಹೋಗಿ’ ಎಂಬ ಅವರ ಮಾತಿನಿಂದ ಒಬ್ಬನ ಗಲ್ಲಾ ತುಂಬುತ್ತದೆ, ಇನ್ನೊಬ್ಬನದು ಬರಿದಾಗುತ್ತದೆ. ಇಂದು ಆ ಸ್ಥಾನದಲ್ಲಿ ಕೃತಕ ಬುದ್ಧಿಮತ್ತೆಯ ಖರೀದಿ ಸಹಾಯಕ ಬಂದು ಕುಳಿತಿದೆ. ಅದು ಪ್ರತಿಸ್ಪರ್ಧಿಯ ಹೆಸರನ್ನೇ ಹೇಳಿದಾಗ ಅಂತರ್ಜಾಲದಲ್ಲಿ ಸರಕು ಮಾರುವ ಸಣ್ಣ ವರ್ತಕನ ಗತಿಯೇನು? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ.

ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೋಜರ್ ಎಂಬಾತನು ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವೃತ್ತಿಯಲ್ಲಿದ್ದನು. ಆ ಕಾಲದಲ್ಲಿ ದೂರವಾಣಿಯ ಪ್ರತಿಯೊಂದು ಕರೆಯನ್ನೂ ಆಪರೇಟರ್ ಕೈಯಿಂದಲೇ ಜೋಡಿಸಬೇಕಿತ್ತು. ಅಲ್ಲಿದ್ದ ಆಪರೇಟರ್ ಪ್ರತಿಸ್ಪರ್ಧಿಯೊಬ್ಬನ ಪತ್ನಿಯೆಂದೂ, ತನಗೆ ಬರಬೇಕಾದ ಕರೆಗಳನ್ನು ಆಕೆ ಗಂಡನ ಕಡೆಗೆ ತಿರುಗಿಸುತ್ತಿದ್ದಾಳೆಂದೂ ಸ್ಟ್ರೋಜರ್ ಶಂಕಿಸಿದನೆಂಬ ಕಥೆ ಪ್ರಚಲಿತವಾಗಿದೆ. ಕಥೆಯ ವಿವರಗಳಲ್ಲಿ ಪಾಠಾಂತರಗಳಿವೆ. ಫಲಿತಾಂಶದಲ್ಲಿ ಮಾತ್ರ ಸಂದೇಹವಿಲ್ಲ. ಮನುಷ್ಯನ ನೆರವಿಲ್ಲದೆ ಕರೆಯನ್ನು ಜೋಡಿಸುವ ಯಂತ್ರಕ್ಕೆ ಅವನು 1891ರಲ್ಲಿ ಪೇಟೆಂಟ್ ಪಡೆದನು. 1892ರಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಊರಿನಲ್ಲಿ ಆ ಪದ್ಧತಿಯ ಮೊದಲ ವಿನಿಮಯ ಕೇಂದ್ರ ಆರಂಭವಾಯಿತು. ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪಿತವಾದ ಐಟಿಐ ಕಾರ್ಖಾನೆಯೂ ಮುಂದೆ ಸ್ಟ್ರೋಜರ್ ಪದ್ಧತಿಯ ಉಪಕರಣಗಳನ್ನು ತಯಾರಿಸಿತು. ಗಿರಾಕಿಯು ತಾನು ಬಯಸಿದವನನ್ನು ನೇರವಾಗಿ ತಲುಪುವಂತಾಗಬೇಕೆಂಬುದೇ ಸ್ಟ್ರೋಜರ್ ಕಂಡುಕೊಂಡ ಪರಿಹಾರ.

ಆದರೆ ಯಂತ್ರವು ಪಕ್ಷಪಾತವನ್ನರಿಯದೆಂಬ ನಂಬಿಕೆ ಬಹುಕಾಲ ನಿಲ್ಲಲಿಲ್ಲ. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ಐಬಿಎಂ ಜೊತೆಗೂಡಿ ‘ಸೇಬರ್’ ಎಂಬ ಟಿಕೆಟ್ ಕಾಯ್ದಿರಿಸುವ ಗಣಕ ವ್ಯವಸ್ಥೆಯನ್ನು ರೂಪಿಸಿ, 1976ರಿಂದ ಅದನ್ನು ಟ್ರಾವೆಲ್ ಏಜೆಂಟರ ಕಚೇರಿಗಳಲ್ಲಿ ಅಳವಡಿಸತೊಡಗಿತು. ಏಜೆಂಟರು ಬಹುಮಟ್ಟಿಗೆ ಮೊದಲ ಪರದೆಯ ಮೇಲೆ ಕಂಡ ವಿಮಾನವನ್ನೇ ಆರಿಸುತ್ತಿದ್ದರು. ಆ ಪರದೆಯ ಮೇಲೆ ವ್ಯವಸ್ಥೆಯ ಒಡೆಯನ ವಿಮಾನಗಳಿಗೇ ಪ್ರಾಶಸ್ತ್ಯ ದೊರೆಯುತ್ತಿತ್ತು. ಸಣ್ಣ ವಿಮಾನ ಸಂಸ್ಥೆಗಳು ದೂರಿಕೊಂಡವು. 1984ರಲ್ಲಿ ಅಮೆರಿಕದ ಸರ್ಕಾರವು ಇಂಥ ಪಕ್ಷಪಾತದ ಪ್ರದರ್ಶನವನ್ನು ನಿಷೇಧಿಸಿತು. ಅದೇ ಬಗೆಯ ವ್ಯಾಜ್ಯ ಯೂರೋಪಿನಲ್ಲಿಯೂ ನಡೆಯಿತು. ಹುಡುಕಾಟದ ಫಲಿತಾಂಶಗಳಲ್ಲಿ ಸ್ವಂತ ಖರೀದಿ ಸೇವೆಯನ್ನು ಮೇಲಿಟ್ಟು, ಪ್ರತಿಸ್ಪರ್ಧಿಗಳನ್ನು ಕೆಳಕ್ಕೆ ತಳ್ಳಿತೆಂದು ಯೂರೋಪಿಯನ್ ಆಯೋಗವು 2017ರಲ್ಲಿ ಗೂಗಲ್ ಸಂಸ್ಥೆಗೆ 242 ಕೋಟಿ ಯೂರೋ ದಂಡ ವಿಧಿಸಿತು. ಆ ತೀರ್ಮಾನವನ್ನು 2024ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ಎತ್ತಿಹಿಡಿಯಿತು. ಇಲ್ಲಿ ದೂರು ಸಲ್ಲಿಸಿದಂದಿನಿಂದ ಅಂತಿಮ ತೀರ್ಪಿನವರೆಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಂದಿತೆಂಬುದನ್ನು ಗಮನಿಸಬೇಕು. ನ್ಯಾಯ ಬರುವವರೆಗೆ ಸಣ್ಣ ಅಂಗಡಿಯ ಬಾಗಿಲು ತೆರೆದೇ ಇರುತ್ತದೆಂದು ಹೇಳಲಾಗದು.

ಅಮೆಜಾನ್ ಸಂಸ್ಥೆಯು 2024ರಲ್ಲಿ ‘ರೂಫಸ್’ ಎಂಬ ಸಹಾಯಕವನ್ನು ಹೊರತಂದಿತು. 2025ರಲ್ಲಿ ಚಾಟ್‌ಜಿಪಿಟಿ ಕೂಡ ಸರಕುಗಳನ್ನು ಸೂಚಿಸತೊಡಗಿತು. ‘ಮಳೆಗಾಲಕ್ಕೆ ಒದಗುವ, ಸಾವಿರ ರೂಪಾಯಿಯೊಳಗಿನ ಮಕ್ಕಳ ಪಾದರಕ್ಷೆ ಬೇಕು’ ಎಂದು ಕೇಳಿದರೆ ಸಾಲುಸಾಲು ಪಟ್ಟಿಯ ಬದಲು ಕೆಲವೇ ಹೆಸರುಗಳು ಬರುತ್ತವೆ. ಉಳಿದವರು ಇಲ್ಲವೇ ಇಲ್ಲವೆಂಬಂತಾಗುತ್ತದೆ. ಮುನಿದು ಹೋದ ಗಿರಾಕಿಯ ಕಾರಣವನ್ನು ವರ್ತಕನು ಕೇಳಿ ತಿಳಿಯಬಹುದು; ಬಾರದೇ ಹೋದ ಗಿರಾಕಿಯ ಕಾರಣ ಅವನಿಗೆ ತಿಳಿಯುವುದೇ ಇಲ್ಲ. ಇಂದಿನ ಕಷ್ಟದ ತಿರುಳು ಇದೇ.

ಈ ಕಷ್ಟದಿಂದಲೇ ಪ್ರಲೋಭನೆಯೂ ಹುಟ್ಟುತ್ತದೆ. ಹಣ ಕೊಟ್ಟು ಸುಳ್ಳು ಮೆಚ್ಚುಗೆಗಳನ್ನು ಬರೆಸುವುದು, ಓದುಗನಿಗೆ ಕಾಣದಂತೆ ಯಂತ್ರಕ್ಕೆ ಮಾತ್ರ ತಿಳಿಯುವ ಗುಪ್ತ ವಾಕ್ಯಗಳನ್ನು ಹುದುಗಿಸುವುದು ಮೊದಲಾದವು ಅದರ ರೂಪಗಳು. ತೂಕದ ಬಟ್ಟಿನ ಅಡಿಗೆ ಮೇಣ ಅಂಟಿಸುವುದಕ್ಕೂ ಇದಕ್ಕೂ ಭೇದವಿಲ್ಲ. ಭಾರತದ 2020ರ ಇ-ವಾಣಿಜ್ಯ ನಿಯಮಗಳು ಮಾರಾಟಗಾರನು ಗ್ರಾಹಕನ ಸೋಗಿನಲ್ಲಿ ವಿಮರ್ಶೆ ಬರೆಯುವುದನ್ನು ನಿಷೇಧಿಸಿವೆ. ಅದೇ ನಿಯಮಗಳು ಮಾರುಕಟ್ಟೆ ನಡೆಸುವ ಸಂಸ್ಥೆಗೂ ಹೊಣೆ ಹೊರಿಸಿವೆ; ಸರಕುಗಳ ಮತ್ತು ಮಾರಾಟಗಾರರ ಶ್ರೇಣಿಯನ್ನು ಯಾವ ಮುಖ್ಯ ಮಾನದಂಡಗಳಿಂದ ನಿರ್ಧರಿಸಲಾಗುತ್ತದೆಂದು ಅದು ತಿಳಿಸಬೇಕು. ಈ ವಿವರಣೆಯನ್ನು ಓದುವುದೂ, ಅದು ಅಸ್ಪಷ್ಟವಾಗಿದ್ದಲ್ಲಿ ಪ್ರಶ್ನಿಸುವುದೂ ವರ್ತಕನ ಹಕ್ಕು. ಒಬ್ಬನ ದೂರಿಗಿಂತ ವರ್ತಕರ ಸಂಘದ ದೂರಿಗೆ ಬಲ ಹೆಚ್ಚು.

ಹಾಗಾದರೆ ವರ್ತಕನ ಕೈಯಲ್ಲಿ ಉಳಿದಿರುವುದೇನು? ಸಹಾಯಕ ಯಂತ್ರವು ಸರಕನ್ನು ಮುಟ್ಟಿ ನೋಡಲಾರದು. ಬರೆದದ್ದನ್ನು ಮಾತ್ರ ಓದುತ್ತದೆ. ‘ಉತ್ತಮ ಗುಣಮಟ್ಟ’ ಎಂಬ ಬರಿಯ ಮಾತಿನಿಂದ ಅದಕ್ಕೆ ಏನೂ ತಿಳಿಯದು. ಬಟ್ಟೆಯ ನೂಲು ಯಾವುದು, ಅಳತೆ ಎಷ್ಟು, ತೊಳೆದರೆ ಕುಗ್ಗುವುದೇ, ಯಾರಿಗೆ ಒಪ್ಪದು ಎಂಬುದನ್ನು ಇದ್ದಂತೆ ಬರೆದಿಡಬೇಕು. ಬೆಲೆಯೂ ದಾಸ್ತಾನೂ ಪ್ರತಿದಿನ ಸರಿಯಾಗಿರಬೇಕು. ಸರಕು ಹಿಂದಿರುಗಿಸುವ ಷರತ್ತು ಸ್ಪಷ್ಟವಾಗಿರಬೇಕು. ಅಂಗಡಿಯಲ್ಲಿ ಬಾಯಿಮಾತಿನಿಂದ ತಿಳಿಸುತ್ತಿದ್ದುದೆಲ್ಲವೂ ಈಗ ಬರಹದಲ್ಲಿರಬೇಕೆಂಬುದಿಷ್ಟೇ ಹೊಸತು. ಇದರಿಂದ ಯಂತ್ರವು ತನ್ನ ಹೆಸರನ್ನೇ ಹೇಳುವುದೆಂಬ ಭರವಸೆಯಿಲ್ಲ. ಆದರೆ ಹೇಳಲು ಆಧಾರವಾದರೂ ದೊರೆಯುತ್ತದೆ.

ಇದಕ್ಕಿಂತ ಮಿಗಿಲಾದುದು ಸ್ಟ್ರೋಜರ್ ಅರಸಿದ ನೇರ ದಾರಿ. ಒಮ್ಮೆ ಕೊಂಡವನು ಮತ್ತೆ ಯಾರನ್ನೂ ಕೇಳದೆ ಅದೇ ಅಂಗಡಿಯ ಹೆಸರು ಹಿಡಿದು ಬರುವಂತೆ ನಡೆದುಕೊಳ್ಳುವುದೇ ಆ ದಾರಿ. ಕೆಟ್ಟ ಸರಕನ್ನು ಗೊಣಗದೆ ಹಿಂದಕ್ಕೆ ಪಡೆಯುವುದು, ಹೇಳಿದ ದಿನಕ್ಕೆ ತಲುಪಿಸುವುದು, ತನ್ನಲ್ಲಿಲ್ಲದ ವಸ್ತು ಎಲ್ಲಿ ಸಿಗುವುದೆಂದು ನಿಜ ಹೇಳುವುದು, ಇವೆಲ್ಲ ಹಳೆಯ ಪೇಟೆಯ ನಡವಳಿಕೆಗಳೇ. ಹೀಗೆ ನಡೆದವನ ಗಿರಾಕಿಯನ್ನು ಬೇರೆಡೆಗೆ ತಿರುಗಿಸುವುದು ಯಾವ ಮಧ್ಯವರ್ತಿಗೂ ಸುಲಭವಲ್ಲ. ಏಕೆಂದರೆ ಆ ಗಿರಾಕಿಯು ಮಧ್ಯವರ್ತಿಯನ್ನು ದಾರಿ ಕೇಳುವುದೇ ಇಲ್ಲ.