ಪತಿ-ಪತ್ನಿ ವೀಸಾ (ಅಮೇರಿಕ ಸಂಯುಕ್ತ ಸಂಸ್ಥಾನ)

ಪತಿ-ಪತ್ನಿ ವೀಸಾ ಎಂಬುದು ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ವ್ಯಕ್ತಿಯ ಬಾಳಸಂಗಾತಿಯು ಆ ದೇಶವನ್ನು ಪ್ರವೇಶಿಸಿ ಅವರೊಡನೆ ವಾಸಿಸಲು ಅವಕಾಶ ನೀಡುವ ಹಲವು ಬಗೆಯ ವೀಸಾಗಳಿಗೆ ರೂಢಿಯಲ್ಲಿರುವ ಹೆಸರು. ಈ ಹೆಸರಿನ ಪ್ರತ್ಯೇಕ ವೀಸಾ ಅಮೇರಿಕದ ಕಾನೂನಿನಲ್ಲಿ ಇಲ್ಲ. ಯಾವ ವೀಸಾ ದೊರೆಯುತ್ತದೆ, ಅದಕ್ಕಾಗಿ ಎಷ್ಟು ಕಾಲ ಕಾಯಬೇಕು, ಹೋದ ಮೇಲೆ ಉದ್ಯೋಗ ಮಾಡಬಹುದೇ ಎಂಬುದೆಲ್ಲ ಅಲ್ಲಿರುವ ಸಂಗಾತಿಯ ಸ್ಥಾನಮಾನವನ್ನು ಅವಲಂಬಿಸಿರುತ್ತದೆ. ಆತ ಅಥವಾ ಆಕೆ ಅಮೇರಿಕದ ಪೌರರಾಗಿರಬಹುದು, ಗ್ರೀನ್ ಕಾರ್ಡ್ ಪಡೆದ ಖಾಯಂ ನಿವಾಸಿಯಾಗಿರಬಹುದು, ಇಲ್ಲವೇ ಎಚ್-1ಬಿ ಮುಂತಾದ ವೀಸಾದ ಮೇಲೆ ತಾತ್ಕಾಲಿಕವಾಗಿ ದುಡಿಯುತ್ತಿರಬಹುದು. ಈ ಮೂರರಲ್ಲಿ ಹೆಚ್ಚು ಕಾಯಬೇಕಾಗಿ ಬರುವುದು ತಾತ್ಕಾಲಿಕ ನೌಕರರ ಸಂಗಾತಿಗಳಲ್ಲ, ಬಹುತೇಕ ವೇಳೆ ಖಾಯಂ ನಿವಾಸಿಗಳ ಸಂಗಾತಿಗಳು ಎಂಬುದು ಈ ವ್ಯವಸ್ಥೆಯ ವೈಚಿತ್ರ್ಯ.

ಇತಿಹಾಸ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯಲು ಹೋದ ಭಾರತೀಯರಲ್ಲಿ ಹೆಚ್ಚಿನವರು ಪಂಜಾಬಿನ ಗಂಡಸರು. 1917ರ ವಲಸೆ ಕಾಯಿದೆಯು ಭಾರತವನ್ನೊಳಗೊಂಡ ಏಷ್ಯಾದ ಬಹುಭಾಗದಿಂದ ವಲಸೆಯನ್ನು ನಿಷೇಧಿಸಿದ್ದರಿಂದ ಅವರು ಊರಿನಲ್ಲಿದ್ದ ಪತ್ನಿಯರನ್ನು ಕರೆಸಿಕೊಳ್ಳುವುದು ಅಸಾಧ್ಯವಾಯಿತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಇವರಲ್ಲಿ ಅನೇಕರು ಮೆಕ್ಸಿಕನ್ ಮೂಲದ ಸ್ತ್ರೀಯರನ್ನು ಮದುವೆಯಾದರು. ಇಂಪೀರಿಯಲ್ ಕಣಿವೆಯ ಪಂಜಾಬಿ-ಮೆಕ್ಸಿಕನ್ ಕುಟುಂಬಗಳು ಹುಟ್ಟಿಕೊಂಡದ್ದು ಹೀಗೆ.

ಎರಡನೆಯ ಮಹಾಯುದ್ಧದ ನಂತರ ಹೊರದೇಶಗಳಲ್ಲಿ ಮದುವೆಯಾಗಿದ್ದ ಸೈನಿಕರ ಪತ್ನಿಯರಿಗಾಗಿ 1945ರ ಡಿಸೆಂಬರಿನಲ್ಲಿ ವಿಶೇಷ ಕಾಯಿದೆ ಬಂದಿತು. 1946ರ ಲೂಸ್-ಸೆಲ್ಲರ್ ಕಾಯಿದೆಯು ಭಾರತೀಯರಿಗೆ ಪೌರತ್ವದ ಹಕ್ಕನ್ನೂ ವರ್ಷಕ್ಕೆ 100 ಜನರ ವಲಸೆ ಕೋಟಾವನ್ನೂ ನೀಡಿತು. ರಾಷ್ಟ್ರವಾರು ಕೋಟಾ ಪದ್ಧತಿಯನ್ನು ಕಿತ್ತುಹಾಕಿದ 1965ರ ಕಾಯಿದೆಯು ಕುಟುಂಬದ ಪುನರ್ಮಿಲನವನ್ನು ವಲಸೆ ನೀತಿಯ ಮುಖ್ಯ ಆಧಾರವಾಗಿ ಮಾಡಿತು. ನಿಶ್ಚಿತಾರ್ಥ ವೀಸಾ ಸೇರಿದ್ದು ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ 1970ರಲ್ಲಿ. ವೀಸಾಕ್ಕಾಗಿ ನಡೆಯುವ ಹುಸಿ ಮದುವೆಗಳನ್ನು ತಡೆಯಲು 1986ರಲ್ಲಿ ತಂದ ತಿದ್ದುಪಡಿಯು ಹೊಸದಾಗಿ ಮದುವೆಯಾದವರಿಗೆ ಎರಡು ವರ್ಷಗಳ ಷರತ್ತುಬದ್ಧ ನಿವಾಸವನ್ನು ಗೊತ್ತುಪಡಿಸಿತು.

ಪೌರರ ಸಂಗಾತಿಗಳು

ಅಮೇರಿಕದ ಪೌರರ ಪತಿ ಅಥವಾ ಪತ್ನಿಯನ್ನು ಕಾನೂನು ‘ನಿಕಟ ಸಂಬಂಧಿ’ ಎಂದು ಪರಿಗಣಿಸುತ್ತದೆ. ಇವರಿಗೆ ವಾರ್ಷಿಕ ಸಂಖ್ಯಾಮಿತಿ ಇಲ್ಲ. ಆದುದರಿಂದ ಇಲ್ಲಿ ಕಾಯುವ ಕಾಲವೆಂದರೆ ಕಡತವು ಕಚೇರಿಯಿಂದ ಕಚೇರಿಗೆ ಸಾಗುವ ಕಾಲ ಮಾತ್ರ. ಆದರೂ ಅದು ಒಂದು ವರ್ಷವನ್ನು ಮೀರುವುದು ಸಾಮಾನ್ಯ. ಅಮೇರಿಕ ಪ್ರವೇಶಿಸುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿದ್ದರೆ ಐಆರ್-1, ತುಂಬಿರದಿದ್ದರೆ ಸಿಆರ್-1 ವೀಸಾ ಅನ್ವಯಿಸುತ್ತದೆ. ಎರಡರಲ್ಲೂ ಬಂದಿಳಿದ ದಿನವೇ ಖಾಯಂ ನಿವಾಸಿಯ ಸ್ಥಾನ ದೊರೆಯುತ್ತದೆ, ಉದ್ಯೋಗಕ್ಕೆ ಬೇರೆ ಪರವಾನಗಿ ಬೇಕಿಲ್ಲ. ಸಿಆರ್-1ರಲ್ಲಿ ಬಂದವರು ಎರಡು ವರ್ಷದ ಅವಧಿ ಮುಗಿಯುವ ಮುನ್ನಿನ 90 ದಿನಗಳಲ್ಲಿ ದಂಪತಿಗಳಿಬ್ಬರೂ ಸಹಿ ಮಾಡಿದ ಐ-751 ಅರ್ಜಿಯನ್ನು ಸಲ್ಲಿಸಿ ಷರತ್ತನ್ನು ತೆಗೆಸಿಕೊಳ್ಳಬೇಕು.

ಮದುವೆಗೆ ಮೊದಲೇ ಸಂಗಾತಿಯನ್ನು ಕರೆಸಿಕೊಳ್ಳಬಯಸುವ ಪೌರರಿಗೆ ಕೆ-1 ಎಂಬ ನಿಶ್ಚಿತಾರ್ಥ ವೀಸಾ ಇದೆ. ಖಾಯಂ ನಿವಾಸಿಗಳಿಗೆ ಈ ಸೌಲಭ್ಯವಿಲ್ಲ. ಕೆ-1ರಲ್ಲಿ ಬಂದವರು 90 ದಿನಗಳೊಳಗೆ, ಅರ್ಜಿ ಹಾಕಿದ ವ್ಯಕ್ತಿಯನ್ನೇ ಮದುವೆಯಾಗಬೇಕು. ಅನಂತರ ಗ್ರೀನ್ ಕಾರ್ಡಿಗಾಗಿ ಪ್ರತ್ಯೇಕ ಅರ್ಜಿಯನ್ನೂ ಪ್ರತ್ಯೇಕ ಶುಲ್ಕವನ್ನೂ ಸಲ್ಲಿಸಬೇಕು. ಅದು ಇತ್ಯರ್ಥವಾಗುವ ತನಕ ಉದ್ಯೋಗಕ್ಕೂ ವಿದೇಶ ಪ್ರಯಾಣಕ್ಕೂ ಬೇರೆ ಬೇರೆ ಅನುಮತಿ ಬೇಕಾಗುತ್ತದೆ. ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಇಬ್ಬರೂ ಒಮ್ಮೆಯಾದರೂ ಮುಖಾಮುಖಿ ಭೇಟಿಯಾಗಿರಬೇಕೆಂಬುದು ನಿಯಮ. ವಧೂವರರು ಮದುವೆಗೆ ಮುನ್ನ ಭೇಟಿಯಾಗಬಾರದೆಂಬ ಕಟ್ಟುನಿಟ್ಟಿನ ಸಂಪ್ರದಾಯವಿದ್ದಲ್ಲಿ ವಿನಾಯಿತಿ ಕೋರಬಹುದು. ಹಿರಿಯರು ನಿಶ್ಚಯಿಸಿದ ಸಂಬಂಧ ಎಂಬುದೊಂದೇ ಅದಕ್ಕೆ ಸಾಲದು.

ಭಾರತೀಯರು ಎಡವುವ ಒಂದು ಸ್ಥಳ ಇಲ್ಲಿದೆ. ಕೆ-1ಕ್ಕೆ ಅರ್ಜಿ ಹಾಕಿ, ಕಾಯುವ ನಡುವೆ ಬಂಧುಗಳ ಒತ್ತಾಯಕ್ಕೆ ಊರಿನಲ್ಲಿ ಶಾಸ್ತ್ರೋಕ್ತ ಮದುವೆ ಮುಗಿಸಿಬಿಟ್ಟರೆ ಅರ್ಹತೆಯೇ ತಪ್ಪಿಹೋಗಬಹುದು. 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಸಪ್ತಪದಿಯ ಪದ್ಧತಿಯಿರುವಲ್ಲಿ ಏಳನೆಯ ಹೆಜ್ಜೆಯೊಂದಿಗೆ ವಿವಾಹವು ಪೂರ್ಣಗೊಳ್ಳುತ್ತದೆ, ನೋಂದಣಿಯು ಅದಕ್ಕೆ ಪುರಾವೆ ಮಾತ್ರ. ‘ಇನ್ನೂ ರಿಜಿಸ್ಟರ್ ಮಾಡಿಸಿಲ್ಲ’ ಎಂಬ ಸಮಜಾಯಿಷಿ ನಿಲ್ಲದಿರುವುದು ಇದರಿಂದಲೇ. ನಿಶ್ಚಿತಾರ್ಥದ ಚಿತ್ರಗಳಲ್ಲಿ ತಾಳಿ ಕಾಣಿಸಿದರೂ ಪ್ರಶ್ನೆ ಏಳುತ್ತದೆ.

ಈಗಾಗಲೇ ಮದುವೆಯಾದವರ ಕಾಯುವಿಕೆಯನ್ನು ತಗ್ಗಿಸಲೆಂದು 2000ದಲ್ಲಿ ರೂಪಿಸಿದ ಕೆ-3 ವೀಸಾ ಇಂದು ಬಹುಮಟ್ಟಿಗೆ ಹೆಸರಿಗಷ್ಟೇ ಉಳಿದಿದೆ. ಮೂಲ ಅರ್ಜಿಯೇ ಅಷ್ಟರಲ್ಲಿ ಮಂಜೂರಾಗಿಬಿಡುವುದರಿಂದ ಕೆ-3ರ ಕಡತವನ್ನು ಮುಚ್ಚಲಾಗುತ್ತದೆ.

ಭಾರತೀಯ ಸಲಿಂಗ ಸಂಗಾತಿಗಳ ಮಟ್ಟಿಗೆ ಕೆ-1ಕ್ಕೆ ಬೇರೆಯೇ ಮಹತ್ವವಿದೆ. 2013ರ ವಿಂಡ್ಸರ್ ತೀರ್ಪಿನ ನಂತರ ಅಮೇರಿಕದ ವಲಸೆ ಇಲಾಖೆಯು ಸಲಿಂಗ ವಿವಾಹವನ್ನು ಇತರ ವಿವಾಹಗಳಂತೆಯೇ ಪರಿಗಣಿಸುತ್ತಿದೆ. ಆದರೆ ಮದುವೆ ನಡೆದ ಸ್ಥಳದಲ್ಲಿ ಅದು ಕಾನೂನುಬದ್ಧವಾಗಿರಬೇಕು. ಭಾರತದ ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ ಅಂಥ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಆದುದರಿಂದ ಇವರು ಮದುವೆಯಾಗಲು ಮೂರನೆಯ ದೇಶಕ್ಕೆ ಹೋಗಬೇಕು, ಇಲ್ಲವೇ ಕೆ-1 ಪಡೆಯಬೇಕು.

ಖಾಯಂ ನಿವಾಸಿಗಳ ಸಂಗಾತಿಗಳು

ಗ್ರೀನ್ ಕಾರ್ಡ್ ಹೊಂದಿದವರ ಪತಿ-ಪತ್ನಿಯರೂ ಅಪ್ರಾಪ್ತ ಮಕ್ಕಳೂ ಎಫ್2ಎ ಎಂಬ ವರ್ಗಕ್ಕೆ ಸೇರುತ್ತಾರೆ. ಖಾಯಂ ನಿವಾಸಿಗಳ ಪತಿ-ಪತ್ನಿಯರು ಹಾಗೂ ಅವಿವಾಹಿತ ಮಕ್ಕಳೆಲ್ಲರಿಗೂ ಸೇರಿ ವರ್ಷಕ್ಕೆ ಮೀಸಲಿರುವ ವೀಸಾಗಳು ಮೂಲತಃ 1,14,200. ಅವುಗಳಲ್ಲಿ ಶೇಕಡಾ 77ರಷ್ಟು ಎಫ್2ಎ ಪಾಲು. ಬೇಡಿಕೆ ಇದನ್ನು ಮೀರಿದಾಗ ಸರದಿ ಆರಂಭವಾಗುತ್ತದೆ. ಅರ್ಜಿ ತಲುಪಿದ ದಿನವೇ ‘ಆದ್ಯತಾ ದಿನಾಂಕ’. ಅಮೇರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ ಪ್ರಕಟಿಸುವ ವೀಸಾ ಬುಲೆಟಿನ್‌ನಲ್ಲಿ ತಮ್ಮ ದಿನಾಂಕ ಬರುವ ತನಕ ಕಾಯಬೇಕು. ಬುಲೆಟಿನ್‌ನ ದಿನಾಂಕ ಯಾವಾಗಲೂ ಮುಂದಕ್ಕೇ ಸಾಗುವುದಿಲ್ಲ. 2019ರ ಜುಲೈಯಿಂದ ಸುಮಾರು ನಾಲ್ಕು ವರ್ಷ ಎಫ್2ಎ ವರ್ಗದಲ್ಲಿ ಸರದಿಯೇ ಇರಲಿಲ್ಲ, 2023ರ ಏಪ್ರಿಲಿನಲ್ಲಿ ಅದು ಮತ್ತೆ ವರ್ಷಗಟ್ಟಲೆ ಹಿಂದಕ್ಕೆ ಸರಿಯಿತು.

ಸಂಗಾತಿಯು ನಡುವೆ ಪೌರತ್ವ ಪಡೆದರೆ ಅರ್ಜಿಯು ತಾನಾಗಿ ನಿಕಟ ಸಂಬಂಧಿಯ ವರ್ಗಕ್ಕೆ ಬದಲಾಗುತ್ತದೆ. ಪೌರತ್ವಕ್ಕೆ ಸಾಮಾನ್ಯವಾಗಿ ಐದು ವರ್ಷಗಳ ಖಾಯಂ ನಿವಾಸ ಬೇಕು. ‘ಪೌರತ್ವ ಬಂದ ಮೇಲೆಯೇ ಅರ್ಜಿ ಹಾಕೋಣ’ ಎಂದು ಕಾಯುವವರಿದ್ದಾರೆ. ಇದರಿಂದ ಲಾಭವೇನೂ ಇಲ್ಲ, ಮೊದಲೇ ಹಾಕಿದ ಅರ್ಜಿಯ ದಿನಗಳು ಮಾತ್ರ ನಷ್ಟವಾಗುತ್ತವೆ.

ತಾತ್ಕಾಲಿಕ ನೌಕರರ ಸಂಗಾತಿಗಳು

ಕರ್ನಾಟಕದಿಂದ, ಅದರಲ್ಲೂ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕ್ಷೇತ್ರದಿಂದ ಅಮೇರಿಕಕ್ಕೆ ಹೋಗುವವರ ಕುಟುಂಬಗಳಿಗೆ ಹೆಚ್ಚು ಪರಿಚಿತವಾದುದು ಎಚ್-1ಬಿ ನೌಕರರ ಅವಲಂಬಿತರಿಗೆ ನೀಡುವ ಎಚ್-4 ವೀಸಾ. ಇದಕ್ಕೆ ಸಂಖ್ಯಾಮಿತಿಯಿಲ್ಲ, ಪ್ರತ್ಯೇಕ ಪೂರ್ವ ಅರ್ಜಿಯಿಲ್ಲ. ವಿವಾಹ ಪ್ರಮಾಣಪತ್ರದೊಡನೆ ನೇರವಾಗಿ ದೂತಾವಾಸದಲ್ಲಿ ಅರ್ಜಿ ಸಲ್ಲಿಸಬಹುದು.

ಇದರ ಬೆಲೆ ತೆರಬೇಕಾದುದು ಹೋದ ಮೇಲೆ. ಎಚ್-4ರಲ್ಲಿರುವವರು ಓದಬಹುದು, ಆದರೆ ದುಡಿಯುವಂತಿಲ್ಲ. 2015ರ ಮೇ 26ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಎಚ್-1ಬಿ ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಅರ್ಜಿ ಮಂಜೂರಾಗಿದ್ದರೆ ಅಥವಾ ಅವರು ಆರು ವರ್ಷದ ಮಿತಿಯನ್ನು ಮೀರಿ ವಿಸ್ತರಣೆ ಪಡೆದಿದ್ದರೆ ಉದ್ಯೋಗ ಪರವಾನಗಿ ಕೇಳಬಹುದು. ಇದರ ಫಲಾನುಭವಿಗಳಲ್ಲಿ ಬಹುಪಾಲು ಭಾರತೀಯ ಮಹಿಳೆಯರು. ಈ ನಿಯಮವನ್ನು ಪ್ರಶ್ನಿಸಿ ಹೂಡಿದ್ದ ದಾವೆಯಲ್ಲಿ ವಾಷಿಂಗ್ಟನ್ ಡಿ.ಸಿ.ಯ ಮೇಲ್ಮನವಿ ನ್ಯಾಯಾಲಯವು 2024ರ ಆಗಸ್ಟಿನಲ್ಲಿ ನಿಯಮವನ್ನು ಎತ್ತಿಹಿಡಿಯಿತು. ಕಂಪನಿಯೊಳಗಿನ ವರ್ಗಾವಣೆಯಾದ ಎಲ್-1ರ ಸಂಗಾತಿಗಳ ಸ್ಥಿತಿ ಇದಕ್ಕಿಂತ ಉತ್ತಮ. 2021ರ ನವೆಂಬರಿನಿಂದ ಎಲ್-2 ಪತಿ-ಪತ್ನಿಯರಿಗೆ ಪ್ರತ್ಯೇಕ ಪರವಾನಗಿಯಿಲ್ಲದೆಯೇ ದುಡಿಯುವ ಹಕ್ಕಿದೆ. ವಿದ್ಯಾರ್ಥಿಗಳ ಸಂಗಾತಿಗಳಿಗೆ ನೀಡುವ ಎಫ್-2ರಲ್ಲಿ ಉದ್ಯೋಗವೂ ಇಲ್ಲ, ಪೂರ್ಣಾವಧಿ ಪದವಿ ವ್ಯಾಸಂಗವೂ ಇಲ್ಲ.

ಮದುವೆಯ ದಿನ ಮತ್ತು ಗ್ರೀನ್ ಕಾರ್ಡಿನ ದಿನ

ಎಚ್-1ಬಿಯಲ್ಲಿರುವಾಗ ಮದುವೆಯಾದರೆ ಸಂಗಾತಿಯು ಎಚ್-4ರಲ್ಲಿ ಬಂದು ಸೇರಬಹುದು. ಮುಂದೆ ಗ್ರೀನ್ ಕಾರ್ಡ್ ಬರುವಾಗ ಅದೇ ಅರ್ಜಿಯ ನೆರಳಿನಲ್ಲಿ ಅವರಿಗೂ ಅದು ದೊರೆಯುತ್ತದೆ. ಗ್ರೀನ್ ಕಾರ್ಡ್ ದೊರೆಯುವ ಒಂದು ದಿನ ಮುಂಚೆ ಮದುವೆಯಾಗಿದ್ದರೂ ಈ ಹಕ್ಕು ಉಳಿಯುತ್ತದೆ. ಒಂದು ದಿನ ತಡವಾಗಿ ಮದುವೆಯಾದರೆ ಎಚ್-4ರ ದಾರಿ ಮುಚ್ಚಿರುತ್ತದೆ, ಎಫ್2ಎ ಸರದಿಯಲ್ಲಿ ಮೊದಲಿಂದ ನಿಲ್ಲಬೇಕು. ಉದ್ಯೋಗಾಧಾರಿತ ಗ್ರೀನ್ ಕಾರ್ಡಿಗೆ ಪ್ರತಿ ದೇಶಕ್ಕೆ ಶೇಕಡಾ 7ರ ಮಿತಿಯಿರುವುದರಿಂದ ಭಾರತದಲ್ಲಿ ಹುಟ್ಟಿದವರು ವರ್ಷಾನುಗಟ್ಟಲೆ ಕಾಯುತ್ತಾರೆ. ‘ಕಾರ್ಡ್ ಬರಲಿ, ಆಮೇಲೆ ಹೆಣ್ಣು ನೋಡೋಣ’ ಎಂದು ತಡೆಹಿಡಿದ ಮನೆಯವರು ಅದು ಬಂದ ಬಳಿಕ ಈ ನಿಯಮವನ್ನು ಅರಿಯುವುದುಂಟು.

ಈ ವಿಷಮತೆ ಅಮೇರಿಕದ ಕಾಂಗ್ರೆಸ್ಸಿನ ಗಮನಕ್ಕೆ ಬಾರದೆ ಇಲ್ಲ. 2000ದಲ್ಲಿ ‘ವಿ’ ಎಂಬ ವೀಸಾವನ್ನು ರೂಪಿಸಿ, ಮೂರು ವರ್ಷ ಕಾದ ಖಾಯಂ ನಿವಾಸಿಗಳ ಸಂಗಾತಿಗಳು ಅಮೇರಿಕದಲ್ಲಿದ್ದುಕೊಂಡೇ ಕಾಯಲು ಅವಕಾಶ ನೀಡಲಾಗಿತ್ತು. ಅದು ಅನ್ವಯಿಸಿದ್ದು ಆ ವರ್ಷದ ಡಿಸೆಂಬರ್ 21ರೊಳಗೆ ಅರ್ಜಿ ಹಾಕಿದ್ದವರಿಗೆ ಮಾತ್ರ.

ಅರ್ಜಿಯ ಹಂತಗಳು

ಪೌರರೂ ಖಾಯಂ ನಿವಾಸಿಗಳೂ ಮೊದಲು ಯು.ಎಸ್.ಸಿ.ಐ.ಎಸ್. ಎಂಬ ವಲಸೆ ಸೇವಾ ಸಂಸ್ಥೆಗೆ ಐ-130 ಅರ್ಜಿ ಸಲ್ಲಿಸುತ್ತಾರೆ. 2024ರ ಏಪ್ರಿಲ್ 1ರಿಂದ ಇದರ ಶುಲ್ಕ ಆನ್‌ಲೈನ್‌ನಲ್ಲಿ 625 ಡಾಲರ್, ಕಾಗದದಲ್ಲಿ 675 ಡಾಲರ್. ಮಂಜೂರಾದ ಅರ್ಜಿಯು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿರುವ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ದಾಖಲೆಗಳನ್ನೂ ಐ-864 ಎಂಬ ಪೋಷಣೆಯ ಪ್ರಮಾಣಪತ್ರವನ್ನೂ ಸಲ್ಲಿಸುವುದು ಇಲ್ಲಿ. ಕರೆಸಿಕೊಳ್ಳುವವರ ಆದಾಯವು ಸರ್ಕಾರಿ ಬಡತನ ರೇಖೆಯ ಶೇಕಡಾ 125ಕ್ಕಿಂತ ಕಡಿಮೆಯಿರಬಾರದು. ಈ ಪ್ರಮಾಣಪತ್ರವು ಒಂದು ಕರಾರು, ವಿಚ್ಛೇದನವಾದರೂ ಅದರ ಹೊಣೆ ತಪ್ಪುವುದಿಲ್ಲ.

ಭಾರತದಲ್ಲಿ ಕುಟುಂಬಾಧಾರಿತ ವಲಸೆ ವೀಸಾಗಳ ಹಾಗೂ ಕೆ-1ರ ಸಂದರ್ಶನ ನಡೆಯುವುದು ಮುಂಬಯಿಯ ಅಮೇರಿಕನ್ ದೂತಾವಾಸದಲ್ಲಿ. ಎಚ್-4 ಮುಂತಾದವುಗಳಿಗೆ ಕರ್ನಾಟಕದವರು ಬಹುಕಾಲದಿಂದ ಚೆನ್ನೈ ಅಥವಾ ಹೈದರಾಬಾದಿಗೆ ಹೋಗುತ್ತಿದ್ದಾರೆ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೇರಿಕನ್ ದೂತಾವಾಸ ಉದ್ಘಾಟನೆಯಾಯಿತಾದರೂ ಆಗ ಅಲ್ಲಿ ವೀಸಾ ಸೇವೆ ಆರಂಭವಾಗಲಿಲ್ಲ.

ಸಂದರ್ಶನಕ್ಕೆ ಜನನ ಹಾಗೂ ವಿವಾಹ ಪ್ರಮಾಣಪತ್ರಗಳು, ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ, ನಿಗದಿತ ವೈದ್ಯರ ತಪಾಸಣಾ ವರದಿ ಬೇಕು. ಕನ್ನಡಿಗರ ಕಡತಗಳಲ್ಲಿ ತೊಡಕಾಗುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು, ಉಪನೋಂದಣಿ ಕಚೇರಿಯ ವಿವಾಹ ಪತ್ರದಲ್ಲಿ ಊರಿನ ಹೆಸರೂ ಸೇರಿ ಒಬ್ಬರೇ ಮೂವರಂತೆ ಕಾಣಬಹುದು. ವಿವಾಹವನ್ನು ನೋಂದಾಯಿಸುವಾಗಲೇ ಪಾಸ್‌ಪೋರ್ಟಿನಲ್ಲಿರುವಂತೆ ಬರೆಯಿಸಿದರೆ ಮುಂದೆ ತಿದ್ದುಪಡಿಗಾಗಿ ಅಲೆಯುವುದು ತಪ್ಪುತ್ತದೆ.

ಕಾಯುವ ಅವಧಿ

ಕಾಯುವ ಸಂಗಾತಿಯು ಪ್ರವಾಸಿ ವೀಸಾದಲ್ಲಿ ಹೋಗಿಬರುವುದಕ್ಕೆ ಕಾನೂನಿನ ನಿಷೇಧವಿಲ್ಲ, ಆದರೆ ವೀಸಾ ಸಿಗುವುದು ಕಷ್ಟ. ಪ್ರವಾಸಿಯು ಹಿಂದಿರುಗುವ ಉದ್ದೇಶವನ್ನು ರುಜುವಾತುಪಡಿಸಬೇಕು, ಬಾಕಿಯಿರುವ ಐ-130 ಅರ್ಜಿಯೋ ನೆಲೆಸುವ ಉದ್ದೇಶವನ್ನು ಸಾರುತ್ತಿರುತ್ತದೆ. ಅತ್ತ ಖಾಯಂ ನಿವಾಸಿಯೂ ಪೂರ್ವಾನುಮತಿಯಿಲ್ಲದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹೊರಗಿದ್ದರೆ ತನ್ನ ಸ್ಥಾನಕ್ಕೇ ಕುತ್ತು ತಂದುಕೊಳ್ಳುತ್ತಾನೆ. ಹೀಗಾಗಿ ದಂಪತಿಗಳ ಭೇಟಿ ಅಮೇರಿಕದಲ್ಲಿರುವವರ ರಜೆಯ ಲೆಕ್ಕದಲ್ಲೇ ನಡೆಯುತ್ತದೆ. ಆ ಭೇಟಿಗಳ ವಿಮಾನ ಚೀಟಿ, ಚಿತ್ರ, ಕರೆಗಳ ಪಟ್ಟಿಗಳೇ ಮುಂದೆ ಮದುವೆ ನಿಜವೆಂಬುದಕ್ಕೆ ಸಾಕ್ಷ್ಯವಾಗುತ್ತವೆ.

ನಿರಾಕರಣೆ

ಸಂದರ್ಶನದ ಬಳಿಕ ಹೆಚ್ಚಿನ ದಾಖಲೆಗಾಗಿಯೋ ಪರಿಶೀಲನೆಗಾಗಿಯೋ 221(ಜಿ) ವಿಧಿಯಡಿ ಕಡತವನ್ನು ತಡೆಹಿಡಿಯುವುದುಂಟು. ಇದಕ್ಕೆ ಕಾಲಮಿತಿಯಿಲ್ಲ. ದೂತಾವಾಸದ ಅಧಿಕಾರಿಯ ನಿರಾಕರಣೆಯನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಮರುಪರಿಶೀಲಿಸುವುದಿಲ್ಲ. 2024ರ ಜೂನ್ 21ರಂದು ಮುನ್ಯೋಸ್ ಮೊಕದ್ದಮೆಯಲ್ಲಿ ಅಮೇರಿಕದ ಸರ್ವೋಚ್ಚ ನ್ಯಾಯಾಲಯವು, ತನ್ನ ವಿದೇಶಿ ಸಂಗಾತಿಗೆ ದೇಶ ಪ್ರವೇಶ ದೊರೆಯಬೇಕೆಂಬ ಮೂಲಭೂತ ಹಕ್ಕು ಪೌರರಿಗೆ ಸಂವಿಧಾನದಡಿ ಇಲ್ಲವೆಂದು 6-3 ಬಹುಮತದಿಂದ ತೀರ್ಪಿತ್ತಿತು.

ಅವಲಂಬನೆ ಮತ್ತು ರಕ್ಷಣೆ

ಅರ್ಜಿ ಹಾಕುವವರೂ ಹಿಂದೆಗೆಯಬಲ್ಲವರೂ ಅಮೇರಿಕದಲ್ಲಿರುವ ಸಂಗಾತಿಯೇ ಆದುದರಿಂದ ಈ ಅಧಿಕಾರವು ದಾಂಪತ್ಯದಲ್ಲಿ ಬೆದರಿಕೆಯ ಅಸ್ತ್ರವಾಗುವ ಸಾಧ್ಯತೆಯಿದೆ. 1994ರ ಮಹಿಳಾ ದೌರ್ಜನ್ಯ ತಡೆ ಕಾಯಿದೆಯಡಿ ಪೌರರ ಅಥವಾ ಖಾಯಂ ನಿವಾಸಿಗಳ ಹಿಂಸೆಗೆ ಒಳಗಾದ ಸಂಗಾತಿಯು, ಸ್ತ್ರೀಯಾಗಲಿ ಪುರುಷನಾಗಲಿ, ತಾನೇ ಅರ್ಜಿ ಸಲ್ಲಿಸಬಹುದು. ಷರತ್ತುಬದ್ಧ ನಿವಾಸದಲ್ಲಿರುವವರು ಹಿಂಸೆ ಅಥವಾ ವಿಚ್ಛೇದನದ ಕಾರಣ ನೀಡಿ ಐ-751ಕ್ಕೆ ಒಬ್ಬರೇ ಸಹಿ ಮಾಡಬಹುದು. ಮದುವೆಯಾಗಿ ಕೈಬಿಡಲ್ಪಟ್ಟ ಮಹಿಳೆಯರ ದೂರುಗಳಿಗಾಗಿ ಭಾರತದ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಭಾರತೀಯರ ವಿಭಾಗವಿದೆ.

ಎಚ್-4ರಲ್ಲಿರುವವರು 1994ರ ಕಾಯಿದೆಯ ಸ್ವಯಂ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ. ಹಿಂಸೆಗೊಳಗಾದ ಎಚ್-4 ಸಂಗಾತಿಗಳು 2017ರಿಂದ ಉದ್ಯೋಗ ಪರವಾನಗಿಯನ್ನು ಕೇಳಬಹುದಾಗಿದೆ. ಆದರೆ ವಿಚ್ಛೇದನವಾದರೆ ಅವರ ಎಚ್-4 ಸ್ಥಾನಮಾನ ಕೊನೆಗೊಳ್ಳುತ್ತದೆ.