ಕೋಳಿಗೂಡಿನ ಅಡ್ಡಗಳ

ಸಾವಿರಾರು ವರ್ಷಗಳಿಂದ ಮನುಷ್ಯನ ಹಿತ್ತಲಲ್ಲಿ ಬಾಳಿದರೂ ಕೋಳಿಯು ಕತ್ತಲಾಗುತ್ತಲೇ ನೆಲವನ್ನು ಬಿಟ್ಟು ಮೇಲೇರಬೇಕೆಂಬ ತನ್ನ ಹಳೆಯ ಸ್ವಭಾವವನ್ನು ಮರೆತಿಲ್ಲ. ಸಾಕುಕೋಳಿಯ ಮೂಲವು ಕೆಂಪು ಕಾಡುಕೋಳಿಯೆಂದು ಡಾರ್ವಿನ್ನನು 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದನು. ಅದರ ಕಾಲಿನ ಹಳದಿ ಬಣ್ಣವು ಮಾತ್ರ ಬೂದು ಕಾಡುಕೋಳಿಯಿಂದ ಬಂದಿರಬೇಕೆಂದು 2008ರ ಸಂಶೋಧನೆಯೊಂದು ತೋರಿಸಿತು. ಈ ಬೂದು ಕೋಳಿಯು ಧಾರವಾಡದ ಪಡುವಣಕ್ಕಿರುವ ಘಟ್ಟದ ಕಾಡುಗಳ ನಿವಾಸಿ. ಹಗಲೆಲ್ಲ ತರಗೆಲೆಯನ್ನು ಕೆದಕಿ, ಇರುಳು ಮರದ ಕೊಂಬೆಯ ಮೇಲೆ ಮಲಗುವುದು.

ನಾಡಿನ ಗ್ರಂಥಗಳಲ್ಲಿ ಕೋಳಿಗೆ ಸ್ಥಾನವಿಲ್ಲದೆ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಹುಂಜಗಳ ಕಾಳಗವೂ ಅರಸರ ವಿನೋದಗಳಲ್ಲೊಂದು. ಜನ್ನನು 1209ರಲ್ಲಿ ಮುಗಿಸಿದ ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯ ಬಲಿಯೇ ಕಥೆಯ ತಿರುಳು. ಕಾಳಗದ ಕೋಳಿಯನ್ನೂ ಬಲಿಯ ಕೋಳಿಯನ್ನೂ ಬಲ್ಲ ಪಂಡಿತರು, ಮೊಟ್ಟೆ ಮಾರಿ ಉಪ್ಪೆಣ್ಣೆ ತರುವ ಬಡವೆಯ ಕೋಳಿ ಎಲ್ಲಿ ಮಲಗುತ್ತಿದ್ದಿತೆಂದು ಕೇಳಲಿಲ್ಲ. ಕೋಳಿಯ ಹೆಸರೆತ್ತಲೂ ಹಿಂಜರಿಯುವ ಓದುಬರಹದ ಮನೆಗಳು ಈ ಸೀಮೆಯಲ್ಲಿ ಹೇರಳವಾದುದರಿಂದ ಇದರಲ್ಲಿ ಆಶ್ಚರ್ಯವೂ ಇಲ್ಲ. ಈ ಚರಿತ್ರೆಯನ್ನು ಹಿತ್ತಲಿನ ವಸ್ತುಗಳಿಂದಲೇ ಓದಬೇಕಾಗಿದೆ.

18ನೆಯ ಶತಮಾನದಲ್ಲಿ ಬಸಪ್ಪಶೆಟ್ಟರು ಹೊಸ ಪೇಟೆಯನ್ನು ಕಟ್ಟಿಸಿದ ಬಳಿಕ ಮೊದಲಿನ ಊರಿಗೆ ಹಳೇ ಹುಬ್ಬಳ್ಳಿಯೆಂಬ ಹೆಸರು ನಿಂತಿತು. ಇಂಥ ಬೆಳವಲದ ಊರುಗಳ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಎತ್ತುಗಳಿಗೂ ಮನೆಯವರಿಗೂ ಒಂದೇ ಸೂರು. ಮರಿಗಳ ತಾಯಿಗೆ ಬೋರಲು ಹಾಕಿದ ಬಿದಿರ ಬುಟ್ಟಿ ಸಾಕು. ಬೆಳೆದ ಕೋಳಿಗಳನ್ನು ಅದರಡಿಯಲ್ಲಿ ಮುಚ್ಚಿದರೆ ತಮ್ಮ ಹಿಕ್ಕೆಯ ಮೇಲೆಯೇ ಇರುಳನ್ನು ಕಳೆಯಬೇಕು. ಅವುಗಳಿಗೆ ಮುರಿದ ನೇಗಿಲಿನ ಈಸು, ಸವೆದ ಕುಂಟೆಯ ದಿಂಡು, ಉಪಯೋಗ ತಪ್ಪಿದ ನೊಗ—ಕೈಗೆ ಸಿಕ್ಕಿದ ಯಾವುದಾದರೂ ಅಡ್ಡಗಳವಾಗಬಹುದು. ಎತ್ತಿನ ಹೆಗಲಿಗೆ ನೋಯದಂತೆ ನುಣುಪಾದ ಮರವು ಕೋಳಿಯ ಅಂಗಾಲಿಗೂ ಹಿತವೇ. 1880ರ ದಶಕದಲ್ಲಿ ರೈಲು ಹುಬ್ಬಳ್ಳಿಯನ್ನು ಮುಟ್ಟಿತು. ಎರಡು ಡಬ್ಬಿ ಸೀಮೆಎಣ್ಣೆಯನ್ನು ಹೊತ್ತು ಬರುತ್ತಿದ್ದ ಹಗುರ ಹಲಗೆಯ ಪೆಟ್ಟಿಗೆಯು, ಎಣ್ಣೆ ತೀರಿದ ಮೇಲೆ ಗೂಡಾಗಲು ಹೇಳಿ ಮಾಡಿಸಿದಂತಿದ್ದಿತು.

ಗಳವು ಎರಡಂಗುಲದಷ್ಟು ಅಗಲವಿದ್ದು, ಅಂಚುಗಳು ಉರುಟಾಗಿರಬೇಕು. ಹಲವಿದ್ದರೆ ಎಲ್ಲವೂ ಒಂದೇ ಎತ್ತರದಲ್ಲಿರುವುದು ಲೇಸು. ಮೆಟ್ಟಿಲಂತೆ ಕಟ್ಟಿದರೆ ಮೇಲಿನದಕ್ಕಾಗಿ ಪ್ರತಿ ಸಂಜೆಯೂ ಜಗಳ ತಪ್ಪದು. 20ನೆಯ ಶತಮಾನದ ತಂತಿಯ ಪಂಜರಗಳು ಈ ಗಳವನ್ನೇ ಕಿತ್ತುಹಾಕಿದುವು. ಕಡೆಗೆ 1999ರಲ್ಲಿ ಯುರೋಪಿನ ಒಕ್ಕೂಟವು ಮೊಟ್ಟೆಕೋಳಿಯೊಂದಕ್ಕೆ ಕನಿಷ್ಠ 15 ಸೆಂಟಿಮೀಟರು ಗಳವಿರಬೇಕೆಂದು ವಿಧಿಸಿತು. ಗಳವಿಲ್ಲದ ಬರಿಯ ಪಂಜರಗಳು ಅಲ್ಲಿ 2012ರಿಂದ ನಿಷಿದ್ಧ. ಹದಿನೈದು ಸೆಂಟಿಮೀಟರೆಂದರೆ ಗೇಣಿನ ಮೂರರಲ್ಲಿ ಎರಡು ಪಾಲು. ನೊಗದ ಮೇಲೆ ಮಲಗುವ ಹಿತ್ತಲಿನ ಕೋಳಿಗೆ ಇದಕ್ಕಿಂತ ಕಡಿಮೆ ಎಂದೂ ದೊರೆತಿರಲಾರದು.

ಆದರೆ ಹಳೆಯ ಮರದಲ್ಲಿ ಒಂದು ಅಪಾಯವುಂಟು. ಬಿರುಕುಗಳಲ್ಲಿಯೂ ಬಿದಿರಿನ ಪೊಳ್ಳು ತುದಿಗಳಲ್ಲಿಯೂ ಉಣ್ಣೆಗಳು ಹಗಲು ಅಡಗಿದ್ದು, ರಾತ್ರಿ ಹೊರಟು, ಮಲಗಿದ ಕೋಳಿಯ ನೆತ್ತರನ್ನು ಹೀರುವುವು. ಇವುಗಳಿಂದ ಹರಡುವ ಮಾರಕ ಜ್ವರವೊಂದರ ಸೂಕ್ಷ್ಮಾಣುವನ್ನು ಮಾರ್ಶೂ ಮತ್ತು ಸಾಲಿಂಬೆನಿ ಎಂಬ ವಿದ್ವಾಂಸರು 1903ರಲ್ಲಿ ಬ್ರೆಜಿಲಿನಲ್ಲಿ ಕಂಡುಹಿಡಿದರು. ಒಂದೇ ವಾರದಲ್ಲಿ ಗೂಡು ಬರಿದಾದರೆ ಗಾಳಿಯನ್ನೂ ದೃಷ್ಟಿಯನ್ನೂ ದೂರುವ ಮೊದಲು ಗಳದ ಸಂದುಗಳನ್ನು ನೋಡಬೇಕು. ಆದಕಾರಣ ಗಳಕ್ಕೆ ಮೊಳೆ ಹೊಡೆಯದೆ, ಎರಡು ಕಡೆಯ ಗಾಡಿಗಳಲ್ಲಿ ಸುಮ್ಮನೆ ಕೂಡಿಸುವುದೇ ಸರಿ. ಆಗಾಗ ಹೊರತೆಗೆದು, ಬಿಸಿಲಿಗಿಟ್ಟು, ಬಿರುಕುಗಳಿಗೆ ಸೀಮೆಎಣ್ಣೆಯನ್ನು ತೀಡಿ, ಚೆನ್ನಾಗಿ ಆರಿದ ಮೇಲೆ ಹೊತ್ತು ಮುಳುಗುವುದರೊಳಗೆ ಮರಳಿ ಇಡಬಹುದು.