ಬಾನುಲಿಯ ತೋಟಗಾರ ಮಿಡ್ಲ್‌ಟನ್

ತೋಟದ ಕೆಲಸವನ್ನು ಕಣ್ಣಿನಿಂದ ನೋಡಿ, ಕೈಯಿಂದ ಮಾಡಿ ಕಲಿಯಬೇಕು ಎಂಬುದು ಹಿರಿಯರ ಮಾತು. ಬೀಜವನ್ನು ಎಷ್ಟು ಆಳಕ್ಕೆ ಊರಬೇಕು, ಕೊಂಬೆಯನ್ನು ಎಲ್ಲಿ ಕತ್ತರಿಸಬೇಕು ಎಂಬುದನ್ನು ತೋರಿಸದೆ, ಬರಿಯ ಮಾತಿನಲ್ಲಿಯೇ ಹೇಳಿ ಲಕ್ಷಾಂತರ ಮಂದಿಯ ಕೈಗೆ ಗುದ್ದಲಿ ಹಿಡಿಸಿದವರೊಬ್ಬರಿದ್ದರೆಂದರೆ ತಮಗೆ ಆಶ್ಚರ್ಯವಾದೀತು. ಅವರು ಇಂಗ್ಲೆಂಡಿನ ಸೆಸಿಲ್ ಹೆನ್ರಿ ಮಿಡ್ಲ್‌ಟನ್.

ಮಿಡ್ಲ್‌ಟನ್ನರು ಹುಟ್ಟಿದ್ದು ೧೮೮೬ರಲ್ಲಿ, ನಾರ್ಥ್ಯಾಂಪ್ಟನ್‌ಷೈರಿನ ಒಂದು ಹಳ್ಳಿಯಲ್ಲಿ. ತಂದೆ ಸಿಟ್‌ವೆಲ್ ಮನೆತನದ ಬಂಗಲೆಯ ಮುಖ್ಯ ತೋಟಗಾರರು. ಹೀಗಾಗಿ ಹುಡುಗನಿಗೆ ಮಣ್ಣಿನ ನಂಟು ಮನೆಯಿಂದಲೇ ಬಂದಿತು. ಮುಂದೆ ಲಂಡನ್ನಿಗೆ ಹೋಗಿ, ಪ್ರಸಿದ್ಧವಾದ ಕ್ಯೂ ಸಸ್ಯೋದ್ಯಾನದಲ್ಲಿ ಕಲಿತು, ಸರ್ರೆ ಜಿಲ್ಲೆಯಲ್ಲಿ ತೋಟಗಾರಿಕೆಯ ಬೋಧಕರಾದರು. ೧೯೩೧ರಲ್ಲಿ ಬಿ.ಬಿ.ಸಿ.ಯ ಧ್ವನಿವರ್ಧಕದ ಮುಂದೆ ಮೊದಲ ಸಲ ಕುಳಿತಾಗ ಅವರಿಗೆ ನಲವತ್ತೈದು ವರ್ಷ.

ಅವರ ಮಾತಿಗೆ ಅಷ್ಟೊಂದು ಕಿವಿಗಳು ದೊರೆತುದಕ್ಕೆ ಒಂದು ಕಾರಣವುಂಟು. ಎರಡು ಮಹಾಯುದ್ಧಗಳ ನಡುವೆ ಬ್ರಿಟನ್ನಿನಲ್ಲಿ ಸುಮಾರು ೪೦ ಲಕ್ಷ ಹೊಸ ಮನೆಗಳು ಎದ್ದವು. ಇಕ್ಕಟ್ಟಾದ ಓಣಿಗಳಿಂದ ಹೊರವಲಯದ ಬಡಾವಣೆಗಳಿಗೆ ಬಂದ ಎಷ್ಟೋ ಸಂಸಾರಗಳಿಗೆ ಹಿತ್ತಲೆಂಬುದು ಹೊಸದು. ಕಣ್ಣ ಮುಂದೆ ಬರಿಯ ಜೇಡಿಮಣ್ಣು. ಕೇಳೋಣವೆಂದರೆ ಪಕ್ಕದ ಮನೆಯವನೂ ಹೊಸಬನೇ! ಆ ಬೇಲಿಯಾಚೆಯ ಹಿರಿಯ ನೆರೆಯವನ ಸ್ಥಾನವನ್ನು ಮಿಡ್ಲ್‌ಟನ್ನರು ತುಂಬಿದರು. ‘ನಿಮ್ಮ ತೋಟದಲ್ಲಿ’ ಎಂಬ ಅವರ ಕಾರ್ಯಕ್ರಮ ಭಾನುವಾರ ಮಧ್ಯಾಹ್ನದ ಊಟದ ನಂತರದ ಮಾತುಕತೆಯಂತಿತ್ತು. ಪಾಂಡಿತ್ಯದ ಆಡಂಬರವಿಲ್ಲ, ಉಪದೇಶದ ಗಡುಸಿಲ್ಲ. ಹಳ್ಳಿಯ ಸೊಗಡಿನ ದನಿ, ನಡುವೆ ತುಸು ನಗೆ. ೧೯೩೬ರಲ್ಲಿ ದೂರದರ್ಶನ ಆರಂಭವಾದಾಗ ಅಲೆಕ್ಸಾಂಡ್ರಾ ಅರಮನೆಯ ಆವರಣದಲ್ಲಿ ತೋಟ ಮಾಡಿ ತೋರಿಸಿದವರೂ ಅವರೇ.

೧೯೩೯ರ ಸೆಪ್ಟೆಂಬರಿನಲ್ಲಿ ಯುದ್ಧ ಬಂದಿತು. ಆಹಾರದ ಬಹುಭಾಗವನ್ನು ಹಡಗುಗಳಿಂದ ತರಿಸಿಕೊಳ್ಳುವ ದ್ವೀಪಕ್ಕೆ ಸಮುದ್ರಮಾರ್ಗವೇ ಅಪಾಯದ್ದಾಯಿತು. ಈರುಳ್ಳಿಯ ಸಂಗತಿಯನ್ನೇ ನೋಡಿ: ಬ್ರಿಟನ್ನಿಗೆ ಅದು ಹೆಚ್ಚಾಗಿ ಬರುತ್ತಿದ್ದುದು ಬ್ರಿಟನಿ ಮತ್ತು ಚಾನೆಲ್ ದ್ವೀಪಗಳಿಂದ. ೧೯೪೦ರ ಬೇಸಗೆಯಲ್ಲಿ ಅವು ಜರ್ಮನರ ವಶವಾದೊಡನೆ ಅಡಿಗೆಮನೆಯ ಸಾಮಾನ್ಯ ಈರುಳ್ಳಿ ದುರ್ಲಭವಾಯಿತು. ‘ವಿಜಯಕ್ಕಾಗಿ ಅಗೆಯಿರಿ’ ಎಂದು ಸರ್ಕಾರ ಕರೆಕೊಟ್ಟಿತು. ಆದರೆ ಅಗೆಯುವುದು ಹೇಗೆಂದು ಹೇಳುವವರು ಬೇಕಷ್ಟೆ? ಹೂವಿನ ಪಾತಿಗಳನ್ನೂ ಹುಲ್ಲುಹಾಸನ್ನೂ ಪ್ರೀತಿಯಿಂದ ಕಲಿಸಿದ್ದ ಮಿಡ್ಲ್‌ಟನ್ನರೇ ಈಗ ಅವುಗಳ ಜಾಗದಲ್ಲಿ ಆಲೂಗಡ್ಡೆ, ಎಲೆಕೋಸು, ಈರುಳ್ಳಿ ಬೆಳೆಯಿರೆಂದರು.

ಜನ ಕೇಳಿದರು. ೧೯೪೦ರ ಹೊತ್ತಿಗೆ ಅವರ ಶ್ರೋತೃಗಳು ೩೫ ಲಕ್ಷ. ತರಕಾರಿ ಬೆಳೆಯಲು ಬಾಡಿಗೆಗೆ ಕೊಡುತ್ತಿದ್ದ ತುಂಡುನೆಲಗಳ ಸಂಖ್ಯೆ ಯುದ್ಧಕ್ಕೆ ಮೊದಲು ಸುಮಾರು ೮ ಲಕ್ಷವಿದ್ದುದು ೧೪ ಲಕ್ಷದಷ್ಟಾಯಿತು. ಇದರ ಕೀರ್ತಿಯೆಲ್ಲ ಒಬ್ಬರದೇ ಎನ್ನಲಾಗದು. ಭಿತ್ತಿಪತ್ರಗಳಿದ್ದವು, ಕರಪತ್ರಗಳಿದ್ದವು, ಹೊಟ್ಟೆಯ ಹಸಿವೂ ಇತ್ತು. ಆದರೂ ಒಂದು ಮಾತು ನಿಜ. ಸರ್ಕಾರದ ಆಜ್ಞೆಯಾಗಿ ಕಿವಿಗೆ ಗಡುಸಾಗಬಹುದಾದುದು ಮಿಡ್ಲ್‌ಟನ್ನರ ಬಾಯಲ್ಲಿ ಗೆಳೆಯನ ಸಲಹೆಯಾಯಿತು. ಶಾಂತಿಕಾಲದ ಎಂಟು ವರ್ಷ ಗುಲಾಬಿಯ ಮಾತಾಡಿ ಗಳಿಸಿದ್ದ ನಂಬಿಕೆ, ಕಷ್ಟಕಾಲದಲ್ಲಿ ಆಲೂಗಡ್ಡೆಯ ಕೆಲಸಕ್ಕೆ ಒದಗಿತು. ಅವರ ಭಾಷಣಗಳು ೧೯೪೧ರಲ್ಲಿ ‘ಯುದ್ಧಕಾಲದಲ್ಲಿ ನಿಮ್ಮ ತೋಟ’ ಎಂಬ ಪುಸ್ತಕವಾಗಿಯೂ ಮನೆಮನೆಗೆ ಹೋದವು.

೧೯೪೫ರಲ್ಲಿ ಯುದ್ಧ ಮುಗಿಯಿತು. ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ ೧೮ರಂದು, ಸರ್ಬಿಟನ್ನಿನ ತಮ್ಮ ಮನೆಯ ಹೊರಗೆ ಮಿಡ್ಲ್‌ಟನ್ನರು ಹಠಾತ್ತಾಗಿ ತೀರಿಕೊಂಡರು. ಆಗ ಅವರಿಗೆ ಐವತ್ತೊಂಬತ್ತು. ಆಲೂಗಡ್ಡೆಯ ಪಾತಿಗಳಿಗೆ ಹೂವು ಮರಳುವುದನ್ನು ಅವರು ಕಾಣಲಿಲ್ಲ. ‘ನಿಮ್ಮ ತೋಟದಲ್ಲಿ’ ಮಾತ್ರ ಬೇರೆಯವರ ದನಿಯಲ್ಲಿ ಮುಂದುವರಿಯಿತು.